ಜೇಬಿಗೆ ಹಿಡಿಯುವಂಥ ಕ್ಯಾಮೆರಾ

ಹಾಲಿನ ಬೂತಿನ ಮುಂದೆ ನಿಂತು ಮನಸ್ಸಿನಲ್ಲಿರುವುದನ್ನು ಬಾಯಿ ಬಿಡಬಾರದು ಅನ್ನುವುದು ವಿಜಯನಗರದ ಹೊಸಹಳ್ಳಿಯಲ್ಲಿ ಸಂಸಾರ ಹೂಡಿದವರಿಗೆಲ್ಲ ಗೊತ್ತಿರುವ ಸಂಗತಿ. ಗಣಿತದ ಮೇಷ್ಟ್ರು ವೆಂಕಟಗಿರಿಗೂ ಗೊತ್ತಿತ್ತು. ಆದರೂ ಆ ಭಾನುವಾರ ಬೆಳಿಗ್ಗೆ ಎರಡು ಪ್ಯಾಕೆಟ್ ಹಾಲು ಕೈಯಲ್ಲಿ ಹಿಡಿದು, ಯಾರೂ ಕೇಳದಿದ್ದರೂ, "ಒಂದು ಡಿಜಿಟಲ್ ಕ್ಯಾಮೆರಾ ತಗೊಳ್ಳೋಣ ಅಂತಿದೀನಿ. ಚಿಕ್ಕದು, ದಿನಾ ಬಳಸೋಕೆ," ಅಂದುಬಿಟ್ಟರು. ಅಷ್ಟೇ ಸಾಕಾಯಿತು.

ಅವರಿಗೆ ಕ್ಯಾಮೆರಾ ಬೇಕಾಗಿದ್ದದ್ದು ಒಂದೇ ಒಂದು ಫೋಟೋಗಾಗಿ. ಹೆಂಡತಿ ಪುಟ್ಟಲಕ್ಷ್ಮಿ ನಗುವುದನ್ನು ನೋಡಬೇಕು ನೀವು. ಕುಕ್ಕರ್ ಕೂಗಿದ್ದಕ್ಕೆ ಬೆಕ್ಕು ಎಗರಿ ಬಿದ್ದರೂ ಸಾಕು, ತಲೆ ಹಿಂದಕ್ಕೆ ಹಾಕಿ ಮೈಯೆಲ್ಲ ಕುಲುಕಿಸಿ ನಗುವವಳು. ಆದರೆ ಕ್ಯಾಮೆರಾ ಕಂಡರೆ ತುಟಿ ಬಿಗಿದು, ಕಣ್ಣು ಅಗಲಿಸಿ, ಮತದಾರರ ಗುರುತಿನ ಚೀಟಿಯಾಗಿ ಬಿಡುತ್ತಿದ್ದಳು. ಮದುವೆಯ ಆಲ್ಬಂನಲ್ಲಂತೂ ಹೋಮದ ಹೊಗೆಗೆ ಕಣ್ಣು ಮುಚ್ಚಿದವಳು ಕೊನೆಯ ಪುಟದವರೆಗೂ ತೆರೆದಿರಲಿಲ್ಲ. ಒಮ್ಮೆ ಮಾವನ ಹಳೇ ರೀಲು ಕ್ಯಾಮೆರಾ ಎರವಲು ತಂದು ನೋಡಿದ್ದಾಯಿತು. ಮೇಷ್ಟ್ರು ಬೀರು ತೆಗೆದು, ಚೀಲ ಬಿಚ್ಚಿ, ಮುಚ್ಚಳ ಕಳಚುವಷ್ಟರಲ್ಲಿ ನಗು ಮುಗಿದು ಅವಳು ಒಗ್ಗರಣೆ ಹಾಕುತ್ತಿದ್ದಳು. ಆದ್ದರಿಂದ ಷರಟಿನ ಜೇಬಿನಲ್ಲೇ ಇರುವಂಥದ್ದು ಬೇಕು, ತಟಕ್ಕನೆ ತೆಗೆದು ಟಪ್ಪನೆ ಒತ್ತುವಂಥದ್ದು ಬೇಕು. ಹನ್ನೊಂದು ವರ್ಷದ ದಾಂಪತ್ಯದಲ್ಲಿ ಹೆಂಡತಿಯ ನಗು ಒಂದೂ ಕೈಗೆ ಸಿಕ್ಕಿಲ್ಲವಲ್ಲ ಅನ್ನುವ ಕೊರಗು ಅವರದು.

ಆದರೆ ಈ ಕಾರಣವನ್ನು ಹಾಲಿನ ಬೂತಿನಲ್ಲಿ ಹೇಳಲಾದೀತೆ? ಹೇಳಲಿಲ್ಲ. ಹಾಗಾಗಿ ಎಲ್ಲರೂ ತಂತಮ್ಮ ಕಾರಣಗಳನ್ನು ಕೊಟ್ಟರು.

"ತೂಕ ನೋಡ್ಬೇಕು ಮೇಷ್ಟ್ರೇ, ತೂಕ!" ಅಂದರು ನಾಲ್ಕು ಮನೆ ಆಚೆಯ ತಿಮ್ಮಯ್ಯನವರು. ಟೆಲಿಫೋನ್ ಇಲಾಖೆಯಿಂದ ನಿವೃತ್ತರಾಗಿ ಈಗ ಬಡಾವಣೆಯ ಹಿರಿಯ ನಾಗರಿಕರ ಸಂಘದ ಅಧ್ಯಕ್ಷರು. ಕೂದಲಿಗೆ ಕಪ್ಪು, ಜೇಬಿನಲ್ಲಿ ಬಾಚಣಿಗೆ, ಎರಡೂ ತಪ್ಪಿದ್ದಿಲ್ಲ. "ಹಗುರ ಇದ್ರೆ ಅದು ಆಟದ ಸಾಮಾನು."

"ತೂಕ ಕಟ್ಕೊಂಡು ಏನ್ ಸಾರ್, ಬದನೆಕಾಯಾ ಅದು?" ಅಂದ ಮುರಳೀಕೃಷ್ಣ. ಮೇಲಿನ ಮನೆಯ ಈ ಹುಡುಗ ಕಂಪ್ಯೂಟರ್ ಕ್ಲಾಸಿಗೆ ಸೇರಿ ಮೂರು ತಿಂಗಳಾಗಿತ್ತು, ತಿಳಿಯದ ವಿಷಯ ಉಳಿದಿರಲಿಲ್ಲ. "ಮೆಗಾಪಿಕ್ಸೆಲ್ ನೋಡ್ಬೇಕು. ಝೂಮ್ ನೋಡ್ಬೇಕು. ಅತ್ತಿಗುಪ್ಪೇಲಿ ನಿಂತು ತೆಗೆದ್ರೆ ನಮ್ಮನೆ ಟ್ಯಾಂಕಿನ ಮೇಲಿರೋ ಕಾಗೆ ಬರ್ಬೇಕು."

ಮೇಷ್ಟ್ರಿಗೆ ಕಾಗೆಯ ಫೋಟೋ ಬೇಡವಾಗಿತ್ತು. ಆದರೆ ಹಿರಿಯರಿಗಾಗಲಿ ಕಿರಿಯರಿಗಾಗಲಿ 'ಬೇಡ' ಅನ್ನುವ ಮಾತು ಅವರ ಬಾಯಲ್ಲಿ ಹುಟ್ಟಿದ್ದೇ ಇಲ್ಲ. ಸಂಜೆ ನಾಲ್ಕಕ್ಕೆ ಹೆಂಡತಿಯ ಜೊತೆ ಹೊರಟು, ಕ್ಯಾಮೆರಾ ಕೊಂಡು, ಇಬ್ಬರೇ ಮಸಾಲೆದೋಸೆ ತಿಂದು ಬರುವುದು ಅವರ ಲೆಕ್ಕಾಚಾರ. ನಾಲ್ಕಕ್ಕೆ ಗೇಟು ತೆಗೆದರೆ ತಿಮ್ಮಯ್ಯನವರು ಇಸ್ತ್ರಿ ಷರಟಿನಲ್ಲಿ, ಮುರಳಿ ಯಾವುದೋ ಪತ್ರಿಕೆಯ ಹಾಳೆ ಹಿಡಿದು, ಇಬ್ಬರೂ ಸಿದ್ಧರಾಗಿ ನಿಂತಿದ್ದಾರೆ!

"ನೀವೊಬ್ರೇ ಹೋದ್ರೆ ಟೋಪಿ ಹಾಕ್ತಾರೆ," ಅಂದರು ತಿಮ್ಮಯ್ಯ.

ಮಾರುತಿ ಮಂದಿರದ ಹತ್ತಿರದ ಕ್ಯಾಮೆರಾ ಅಂಗಡಿ ಜಂಬಣ್ಣನದು. ಗದಗದ ಕಡೆಯವನು, ತಾಳ್ಮೆಯ ಮನುಷ್ಯ. ಆವತ್ತು ಆ ತಾಳ್ಮೆಗೆ ಪರೀಕ್ಷೆ. ಒಂದು ಗಂಟೆ ಹೊತ್ತು ತಿಮ್ಮಯ್ಯನವರು ಒಂದೊಂದು ಕ್ಯಾಮೆರಾವನ್ನೂ ಅಂಗೈಯಲ್ಲಿಟ್ಟು ತೂಗಿದರು. ಮುರಳಿ ಒಂದೊಂದರ ಝೂಮನ್ನೂ ಎಳೆದು ರಸ್ತೆಯಾಚೆಯ ಬೇಕರಿಯ ಬನ್ನುಗಳನ್ನು ಎಣಿಸಿದ. ಮೇಷ್ಟ್ರು ಒಂದೊಂದನ್ನೂ ಜೇಬಿಗೆ ಇಳಿಬಿಟ್ಟು, ಪೆನ್ನಿನ ಪಕ್ಕ ಕೂರುತ್ತದೋ ಅಂತ ನೋಡಿ, ಬಗ್ಗಿ, ಬೀಳುವುದನ್ನು ಹಿಡಿದು, ವಾಪಸ್ಸು ಕೊಟ್ಟರು.

"ಸರ, ನಿಮಗ ಹೆಂತಾದ್ದು ಬೇಕು ಅನ್ನೋದನ್ನ ನೀವರ ಒಮ್ಮೆ ಹೇಳ್ರಿ," ಅಂದ ಜಂಬಣ್ಣ, ಕೊನೆಗೆ.

ಮೇಷ್ಟ್ರು ಬಾಯಿ ತೆರೆದರು. ಅಷ್ಟರಲ್ಲಿ ಮುರಳಿ, "ಅದೋ, ಆ ಬೆಳ್ಳಿ ಬಣ್ಣದ್ದು ಕೊಡಿ. ಆರು ಮೆಗಾಪಿಕ್ಸೆಲ್," ಅಂದ. ಜಂಬಣ್ಣ ಗಾಜಿನ ಕಪಾಟಿನಿಂದ ತೆಗೆದುಕೊಟ್ಟ. ತೆಳ್ಳಗಿನ ಸೋಪಿನಷ್ಟು ಗಾತ್ರ. ಮೇಷ್ಟ್ರ ಕೈಗೆ ಹೇಳಿ ಮಾಡಿಸಿದ ಹಾಗೆ ಕೂತಿತು.

"ಎಲ್ಲಿ, ನನ್ನದೊಂದು ತೆಗೀರಿ. ಮುಖ ಹೇಗೆ ಬರುತ್ತೆ ನೋಡೋಣ," ಎಂದು ತಿಮ್ಮಯ್ಯನವರು ಬಾಚಣಿಗೆ ಆಡಿಸಿ, ಪುಟ್ಟಲಕ್ಷ್ಮಿಯ ಪಕ್ಕದಲ್ಲಿ ಎದೆಯುಬ್ಬಿಸಿ ನಿಂತರು. ಪುಟ್ಟಲಕ್ಷ್ಮಿ ಆಗಲೇ ಗುರುತಿನ ಚೀಟಿಯಾಗಿದ್ದಳು.

"ಅಂಕಲ್, ಚೀಸ್ ಅನ್ನಿ, ಜೋರಾಗಿ!" ಅಂದ ಮುರಳಿ.

ತಿಮ್ಮಯ್ಯನವರು ಯಾವ ಕೆಲಸವನ್ನೂ ಅರೆಮನಸ್ಸಿನಿಂದ ಮಾಡಿದವರಲ್ಲ. ಅವರು "ಚೀ" ಅಂದ ರಭಸಕ್ಕೆ ಮೇಲಿನ ಹಲ್ಲಿನ ಸೆಟ್ಟು ಪೂರ್ತಿ ಕಳಚಿ ಹೊರಗೆ ಹಾರಿತು. ಎರಡೂ ಕೈಯಲ್ಲಿ ಅದನ್ನು ಹಿಡಿದರು, ಪಾಪ, ನೆಲಕ್ಕೆ ಬೀಳಗೊಡಲಿಲ್ಲ. ಅವರಿಗೆ ಕಟ್ಟಿಸಿದ ಹಲ್ಲು ಅನ್ನುವುದೇ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ! ಪುಟ್ಟಲಕ್ಷ್ಮಿ ಸೆರಗು ಬಾಯಿಗೆ ಒಯ್ದಳು, ತಡೆಯಲು ನೋಡಿದಳು, ಆಗಲಿಲ್ಲ. ತಲೆ ಹಿಂದಕ್ಕೆ ಹಾಕಿ ನಕ್ಕಳು ನೋಡಿ, ಮೇಷ್ಟ್ರ ಬೆರಳು ಗಾಬರಿಗೆ ತಾನಾಗಿಯೇ ಒತ್ತಿಬಿಟ್ಟಿತು.

ಪುಟ್ಟ ಪರದೆಯ ಮೇಲೆ ಅವಳಿದ್ದಳು. ಕಣ್ಣು, ಮೂಗುತಿ, ಕೆನ್ನೆಯ ಗುಳಿ, ಎಲ್ಲವೂ ನಗುತ್ತಿದ್ದವು. ಪಕ್ಕದಲ್ಲಿ ಬೊಚ್ಚುಬಾಯಿಯ ತಿಮ್ಮಯ್ಯನವರು, ಬೊಗಸೆಯಲ್ಲಿ ಹಲ್ಲು. ಆದರೆ ಮೇಷ್ಟ್ರಿಗೆ ಅದೆಲ್ಲಿ ಕಾಣಬೇಕು!

ಪುಟ್ಟಲಕ್ಷ್ಮಿ ಬಗ್ಗಿ ನೋಡಿದಳು. "ನಕ್ಕರೆ ಹೀಗೆ ಕಾಣ್ತೀನೇನ್ರೀ? ಥೇಟ್ ನಮ್ಮಮ್ಮ," ಅಂದಳು. ತೀರಿಹೋಗಿದ್ದ ಆ ತಾಯಿಯದೂ ನಗುವ ಫೋಟೋ ಒಂದೂ ಇರಲಿಲ್ಲ.

"ಜಂಬಣ್ಣ, ಇದೇ ಕೊಡಿ," ಅಂದರು.

"ಅಂಕಲ್, ಈ ಫೋಟೋ ಆರ್ಕುಟ್‌ಗೆ ಹಾಕ್ತೀನಿ, ಇಡೀ ವಿಜಯನಗರ ನೋಡ್ಲಿ!" ಎಂದು ಮುರಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ತಿಮ್ಮಯ್ಯನವರು ಆ ಕಡೆ ತಿರುಗಿ ಹಲ್ಲು ಕೂರಿಸಿಕೊಂಡು ಈ ಕಡೆ ತಿರುಗಿದಾಗ ಮುಖ ಬಿಳಿಚಿತ್ತು.

"ಇದು ಡಿಸ್‌ಪ್ಲೇ ಪೀಸ್ ಐತ್ರಿ," ಅಂದ ಜಂಬಣ್ಣ. "ಬೇಕಂದ್ರ ಇದನ್ನ ಒಯ್ಯಿರಿ, ಐನೂರು ಬಿಡ್ತೀನಿ."

"ಡಿಸ್‌ಪ್ಲೇ ಪೀಸಾ!" ತಿಮ್ಮಯ್ಯನವರ ಧ್ವನಿ ಒಮ್ಮೆಲೇ ಏರಿತು. "ಹತ್ತು ಜನ ಮುಟ್ಟಿ ತಿಕ್ಕಿರೋದನ್ನ ದುಡ್ಡು ಕೊಟ್ಟು ಮನೆಗೆ ತರ್ತಾರೇನ್ರೀ? ಸೀಲ್ ಪ್ಯಾಕ್ ತೆಗೆಸಿ!"

ಈ ಮಾತಿಗೆ ಎದುರಾಡುವವರು ನಮ್ಮ ಊರಿನಲ್ಲಿ ಯಾರಿದ್ದಾರೆ? ಅಂಗಡಿಯಲ್ಲಿ ಮುಂದಿಟ್ಟ ಬಿಸ್ಕೆಟ್ ಪೊಟ್ಟಣ ಬಿಟ್ಟು ಹಿಂದಿನದನ್ನು ಎಳೆದುಕೊಳ್ಳುವ ಜನ ನಾವು. ಮುರಳಿ "ಹೌದು ಸಾರ್" ಅಂದ. ಪುಟ್ಟಲಕ್ಷ್ಮಿಯೂ "ಹೌದೂರಿ" ಅಂದಳು. ಮೇಷ್ಟ್ರು 'ಬೇಡ' ಅನ್ನದೆ ತಲೆಯಾಡಿಸಿದರು. ಒಳಗಿನಿಂದ ಅದೇ ಮಾದರಿಯ ಸೀಲ್ ಪ್ಯಾಕ್ ಬಂತು. ಡಿಸ್‌ಪ್ಲೇ ಪೀಸು ಕಪಾಟಿಗೆ ಹೋಯಿತು.

"ನೀವು ನಡೀತಾ ಇರಿ. ನಾನು ಬಿಪಿ ಮಾತ್ರೆ ತಗೊಂಡು ಬರ್ತೀನಿ," ಎಂದು ತಿಮ್ಮಯ್ಯನವರು ಹಿಂದೆಯೇ ಉಳಿದರು. ದೋಸೆಯನ್ನೂ ಬಿಟ್ಟು ಉಳಿದರು ಅನ್ನುವುದನ್ನು ಆಗಲೇ ಯಾರಾದರೂ ಗಮನಿಸಬೇಕಿತ್ತು.

ಉಳಿದ ಮೂವರೂ ದೋಸೆ ತಿಂದು ಬಂದಾಗ ಮನೆಯ ಬಾಗಿಲಲ್ಲಿ ಓನರಮ್ಮ ಜಗದಾಂಬಾ ಆರತಿ ತಟ್ಟೆಯೊಂದಿಗೆ ಕಾದಿದ್ದರು. ಸೈಕಲ್ಲಿನಿಂದ ಮಿಕ್ಸಿಯವರೆಗೆ ಕುಂಕುಮ ಕಾಣದ ವಸ್ತು ಆ ಮನೆ ಹೊಕ್ಕಿದ್ದಿಲ್ಲ. "ಇದರ ಹಣೆ ಎಲ್ಲಪ್ಪ?" ಎಂದು ಹುಡುಕಿ, ದುಂಡಗಿದ್ದ ಕಡೆ ಇಟ್ಟರು. ಅದು ಲೆನ್ಸಿನ ಮುಚ್ಚಳ. ಮೇಷ್ಟ್ರು ಬೇಡ ಅನ್ನಲಿಲ್ಲ.

"ಆಂಟಿ, ಫೋಟೋ ನೋಡ್ಬೇಕು ನೀವು. ಲಕ್ಷ್ಮಿ ಎಷ್ಟು ಚೆನ್ನಾಗಿ ಬಂದಿದಾಳೆ ಅಂದ್ರೆ..." ಎನ್ನುತ್ತ ಮೇಷ್ಟ್ರು ಗುಂಡಿ ಒತ್ತಿದರು. ಪರದೆಯ ಮೇಲೆ ಬಂದದ್ದು ಒಂದೇ ಸಾಲು, 'ಚಿತ್ರಗಳಿಲ್ಲ' ಅಂತ ಇಂಗ್ಲಿಷಿನಲ್ಲಿ. ಇನ್ನೊಮ್ಮೆ ಒತ್ತಿದರು. ಬ್ಯಾಟರಿಯ ಕೆಂಪು ಗುರುತು ಮಿಣುಕಿ ಕ್ಯಾಮೆರಾ ಕಣ್ಣು ಮುಚ್ಚಿತು.

ಮುರಳಿ ಹಣೆ ಚಚ್ಚಿಕೊಂಡ. "ಅಯ್ಯೋ ಸಾರ್! ಫೋಟೋ ಆ ಕ್ಯಾಮೆರಾದಲ್ಲೇ ಉಳ್ಕೊಂಡಿದೆ! ನಾವು ತಂದಿದ್ದು ಖಾಲಿ ಡಬ್ಬ!"

ಮೇಷ್ಟ್ರು ಕ್ಯಾಮೆರಾವನ್ನು ಚಾರ್ಜಿಗೆ ಸಿಕ್ಕಿಸಿ ಓಡಿದರು. ಚಪ್ಪಲಿಯ ಬಾರು ಕಿತ್ತಿತು, ಕೈಯಲ್ಲಿ ಹಿಡಿದು ಓಡಿದರು. ದಾರಿಯಲ್ಲಿ ಸಿಕ್ಕ ಏಳನೇ ಕ್ಲಾಸಿನ ಇಬ್ಬರು ಹುಡುಗಿಯರು "ನಮಸ್ತೆ ಸಾರ್" ಅಂದದ್ದಕ್ಕೆ ಚಪ್ಪಲಿ ಎತ್ತಿಯೇ ನಮಸ್ಕಾರ ಮಾಡಿದರು. ಅಂಗಡಿ ತಲುಪಿದರೆ ಕಪಾಟಿನ ಆ ಜಾಗ ಖಾಲಿ.

"ಈಗರೀ ಮಾರಿದೆ," ಅಂದ ಜಂಬಣ್ಣ. "ನಿಮ್ಮ ಜೋಡಿ ಬಂದಿದ್ರಲ್ಲ ಯಜಮಾನ್ರು, ಅವರ ಒಯ್ದ್ರು. ಚೌಕಾಸಿ ಸುದ್ದಾ ಮಾಡ್ಲಿಲ್ಲ. ಹಳೇ ಫೋಟೋ ಅಳಿಸೂದು ಹೆಂಗ ಅಂತ ಅರ್ಧ ತಾಸು ಕಲ್ತ್ರು."

ಮೇಷ್ಟ್ರು ಬಂದದ್ದಕ್ಕಿಂತ ಜೋರಾಗಿ ವಾಪಸ್ಸು ಓಡಿದರು. ಗೇಟಿನ ಬಳಿ ಪುಟ್ಟಲಕ್ಷ್ಮಿ ಕಾಯುತ್ತಿದ್ದಳು, "ಏನಾಯ್ತೂರಿ?" ಎಂದು ಅವಳೂ ಹಿಂದೆ ಹೊರಟಳು.

ತಿಮ್ಮಯ್ಯನವರು ಜಗಲಿಯಲ್ಲಿ ಕೂತಿದ್ದರು. ಹಲ್ಲು ಲೋಟದ ನೀರಿನಲ್ಲಿತ್ತು. ಕೈಯಲ್ಲಿ ಬೆಳ್ಳಿ ಬಣ್ಣದ ಕ್ಯಾಮೆರಾ.

"ಸಾರ್, ಆ ಫೋಟೋ..." ಏದುಸಿರು ಬಿಟ್ಟರು ಮೇಷ್ಟ್ರು.

ತಿಮ್ಮಯ್ಯನವರು ತಲೆ ತಗ್ಗಿಸಿದರು. "ಕ್ಷಮಿಸಿ ಮೇಷ್ಟ್ರೇ. ಸಂಘದ ಅಧ್ಯಕ್ಷ ನಾನು. ಆ ಹುಡುಗ ಅದನ್ನ ಊರಿಗೆಲ್ಲ ತೋರಿಸಿದ್ರೆ ಮುಖ ಎತ್ಕೊಂಡು ತಿರುಗೋದು ಹೇಗೆ? ಅಳಿಸ್ಬಿಟ್ಟೆ."

ಮೇಷ್ಟ್ರು ಮೆಟ್ಟಿಲ ಮೇಲೆ ಕುಸಿದು ಕೂತರು. ಹನ್ನೊಂದು ವರ್ಷಕ್ಕೆ ಸಿಕ್ಕಿದ್ದು ಎರಡು ಗಂಟೆಯೂ ಉಳಿಯಲಿಲ್ಲವಲ್ಲ ಎಂದು ಅವರಿಗೆ ಅಳುವೇ ಬಂತು.

"ಅಂಕಲ್," ಅಂದಳು ಪುಟ್ಟಲಕ್ಷ್ಮಿ ಹಿಂದಿನಿಂದ, ನಿಧಾನವಾಗಿ. "ಒಂದು ಫೋಟೋ ಅಳಿಸೋಕೆ ಇಡೀ ಕ್ಯಾಮೆರಾನೇ ಕೊಂಡ್ಕೊಂಡ್ರಾ?"

ಕೇಳಿದ ಮೇಲೆ ತನ್ನ ಮಾತಿಗೆ ಅವಳಿಗೇ ನಗು ತಡೆಯಲಾಗಲಿಲ್ಲ. ಗಂಡನ ಕೈಯಲ್ಲಿದ್ದ ಬಾರಿಲ್ಲದ ಚಪ್ಪಲಿ ನೋಡಿದಳು, ಲೋಟದಲ್ಲಿದ್ದ ಹಲ್ಲು ನೋಡಿದಳು, ಕಂಬ ಹಿಡಿದುಕೊಂಡು ಅದೇ ನಗು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಮೇಷ್ಟ್ರು ಎಗರಿ ತಿಮ್ಮಯ್ಯನವರ ಕೈಯಿಂದ ಕ್ಯಾಮೆರಾ ಕಸಿದು ಟಪ್ಪನೆ ಒತ್ತಿದರು.

ಬಂತು! ಅಂಗಡಿಯದಕ್ಕಿಂತ ಚೆನ್ನಾಗಿ ಬಂತು. ಜಗಲಿಯ ದೀಪದ ಬೆಳಕಿನಲ್ಲಿ ಪುಟ್ಟಲಕ್ಷ್ಮಿ ಅವಳ ತಾಯಿಯ ಹಾಗೆ, ಮೇಷ್ಟ್ರು ಕಂಡ ಎಲ್ಲ ಪುಟ್ಟಲಕ್ಷ್ಮಿಯರ ಹಾಗೆ ನಗುತ್ತಿದ್ದಳು.

"ಎಲ್ಲಿ, ಕೊಡಿ ನೋಡೋಣ," ಎಂದು ತಿಮ್ಮಯ್ಯನವರು ಕೈಚಾಚಿದರು. ಹಿರಿಯರು ಕೇಳಿದರೆ ಬೇಡ ಅನ್ನಲಾದೀತೆ? ಮೇಷ್ಟ್ರು ಕೊಟ್ಟರು.

ತಿಮ್ಮಯ್ಯನವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ಎಷ್ಟು ಲಕ್ಷಣವಾಗಿ ಬಂದಿದೆ ಮಗು!" ಅಂದರು, ಮನಸಾರೆ. ಆಮೇಲೆ ಅವರ ಕಣ್ಣು ಫೋಟೋದ ಎಡತುದಿಗೆ ಹೋಯಿತು. ಅಲ್ಲಿ ಲೋಟ, ಲೋಟದಲ್ಲಿ ಹಲ್ಲು, ಅದರ ಪಕ್ಕ ಅವರ ಬೊಚ್ಚುಬಾಯಿ. ಹೆಬ್ಬೆರಳು ಮೆಲ್ಲನೆ ಸರಿಯಿತು. 'ಪೀಂ' ಅಂತು ಕ್ಯಾಮೆರಾ.

"ಸಾರ್!" ಎಂದು ಚೀರಿದರು ಮೇಷ್ಟ್ರು.

"ಬೇಜಾರು ಮಾಡ್ಕೋಬೇಡಿ. ಒಂದ್ನಿಮಿಷ, ಹಲ್ಲು ಹಾಕ್ಕೊಂಡು ಬರ್ತೀನಿ. ಇನ್ನೊಂದು ತೆಗೆದ್ರಾಯ್ತು!"

ಒಂದು ನಿಮಿಷದಲ್ಲಿ ಹಲ್ಲು ಕೂರಿಸಿ, ತಲೆ ಬಾಚಿ, ಅಧ್ಯಕ್ಷರು ಬಂದು ನಿಂತರು. ಪುಟ್ಟಲಕ್ಷ್ಮಿ ಕಣ್ಣೊರೆಸಿಕೊಂಡು, ಸೆರಗು ಸರಿಮಾಡಿ, ತುಟಿ ಬಿಗಿದು, ಕಣ್ಣು ಅಗಲಿಸಿ, "ಹೂಂ, ತೆಗೀರಿ," ಅಂದಳು. ಮೇಷ್ಟ್ರು ತೆಗೆದರು. ಫ್ಲ್ಯಾಶಿಗೆ ಅವಳು ಕಣ್ಣು ಮುಚ್ಚಿದಳು.

ಆ ಫೋಟೋವನ್ನು ಮಾತ್ರ ತಿಮ್ಮಯ್ಯನವರು ಅಳಿಸಲಿಲ್ಲ. ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಗಾಜಿನ ಕಟ್ಟು ಹಾಕಿಸಿ, ಮುಂದಿನ ಭಾನುವಾರ ಮೊಳೆ ಸುತ್ತಿಗೆ ಸಮೇತ ತಾವೇ ಬಂದು ಮೇಷ್ಟ್ರ ಹಜಾರದಲ್ಲಿ ತೂಗುಹಾಕಿ ಹೋದರು. ಮೇಷ್ಟ್ರು ಬೇಡ ಅನ್ನಲಿಲ್ಲ.