ನಮ್ಮನ್ನು ಟೀಮ್ ಮಾಡಲು ಬಂದ ಮ್ಯಾನೇಜರು

ನಾಲ್ಕು ಜನ ತಮ್ಮ ಪಾಡಿಗೆ ನೆಟ್ಟಗೆ ಕೆಲಸ ಮಾಡಿಕೊಂಡಿರುವುದನ್ನು ಕಂಡರೆ ಸಾಕು, ಇವರನ್ನು ಒಂದು ‘ಟೀಮ್’ ಮಾಡಿಬಿಡಬೇಕು ಎಂಬ ಹುಚ್ಚು ಯಾರಿಗಾದರೂ ಹಿಡಿದೇ ಹಿಡಿಯುತ್ತದೆ. ಇಂದಿರಾನಗರದ ನಮ್ಮ ವಿಮಾ ಕಚೇರಿಯಲ್ಲಿ ನನ್ನ ನೌಕರಿಯ ಕೊನೆಯ ವರ್ಷ ಈ ಹುಚ್ಚು ಹೊಸ ಮ್ಯಾನೇಜರ ರೂಪದಲ್ಲಿ ಬಂತು. ಯಾವುದೋ ತರಬೇತಿ ಮುಗಿಸಿ, ಅಲ್ಲಿ ಕೊರಳಿಗೆ ಹಾಕಿದ ಬ್ಯಾಡ್ಜನ್ನೂ ತೆಗೆಯದೆ ನೇರವಾಗಿ ನಮ್ಮ ಮೇಲೆ ಬಿದ್ದರು. ಮೊದಲ ದಿನವೇ ಒಳಗಿನ ಮಾತು ಹೊರಗೆ ಹಾಕಿದರು: “ನೋಡ್ರೀ, ಇಲ್ಲಿ ಒಂದು ಸೂಪರ್ ಟೀಮ್ ಕಟ್ಟಿ ತೋರ್ಸಿದ್ರೆ ನನಗೆ ವಲಯ ಕಚೇರಿಗೆ ಪ್ರಮೋಷನ್. ಕೈ ಬಿಡಬೇಡಿ.”

ಬೆಳಗಿನ ವೃತ್ತ

ದಿನಾ ಬೆಳಿಗ್ಗೆ ಕೌಂಟರ್ ತೆರೆಯುವ ಮುಂಚೆ ನಾವೆಲ್ಲ ಹಾಲ್‌ನಲ್ಲಿ ವೃತ್ತಾಕಾರವಾಗಿ ನಿಂತು, ಕಣ್ಣು ಮುಚ್ಚಿ, ಒಬ್ಬರ ‘ಎನರ್ಜಿ’ಯನ್ನು ಇನ್ನೊಬ್ಬರು ಅನುಭವಿಸಬೇಕು ಎಂದು ಅಪ್ಪಣೆಯಾಯಿತು. ಅನುಭವಿಸಿದೆವು. ನನಗೆ ಪಕ್ಕದವರ ಅಮೃತಾಂಜನದ ವಾಸನೆ ಬಿಟ್ಟು ಬೇರೇನೂ ತಲುಪಲಿಲ್ಲ.

ಪ್ರೀಮಿಯಂ ಕಟ್ಟಲು ಮರ್ಫಿ ಟೌನಿನಿಂದ ಬಂದಿದ್ದ ಅಜ್ಜನೊಬ್ಬ ಬಾಗಿಲಲ್ಲಿ ನಿಂತು ನಮ್ಮನ್ನು ನೋಡಿದ. ಮೆಲ್ಲಗೆ ಚಪ್ಪಲಿ ಬಿಟ್ಟ. ಬಂದು ಮ್ಯಾನೇಜರ ಪಕ್ಕದಲ್ಲಿ ಕೈಮುಗಿದು ತಲೆ ತಗ್ಗಿಸಿ ನಿಂತ. ಆಮೇಲೆ ಪಿಸುಮಾತಿನಲ್ಲಿ ಕೇಳಿದ: “ಯಾರು ಸಾರ್ ಹೋಗ್ಬಿಟ್ರು?”

ಮ್ಯಾನೇಜರು ಕಣ್ಣುಬಿಟ್ಟು, “ಯಾರೂ ಹೋಗಿಲ್ಲಪ್ಪಾ! ಎಲ್ಲರೂ ಖುಷಿಯಾಗಿದ್ದೀವಿ!” ಎಂದರು.

ಅಜ್ಜ ನಮ್ಮ ಮುಖಗಳನ್ನೆಲ್ಲ ಒಂದು ಸುತ್ತು ನೋಡಿ, ಅವರ ಬೆನ್ನು ಸವರಿದ. “ಮೊದಮೊದಲು ಹಂಗೇ ಸಾರ್, ನಂಬಕ್ಕೇ ಆಗಲ್ಲ. ಧೈರ್ಯ ತಗೊಳ್ಳಿ.”

ಉಪವಾಸದ ಕಚೇರಿ

ಮಧ್ಯಾಹ್ನದ ಊಟಕ್ಕೆ ನಾವು ಎಷ್ಟೋ ವರ್ಷಗಳಿಂದ ಮೇಜು ಕೂಡಿಸಿಕೊಂಡು ಒಟ್ಟಿಗೆ ಕೂರುತ್ತಿದ್ದೆವು. ಲೆಕ್ಕದ ವಿಭಾಗದ ಧಾರವಾಡದ ಅಕ್ಕನ ರೊಟ್ಟಿ-ಶೇಂಗಾ ಚಟ್ನಿ, ಪುಲಿಕೇಶಿನಗರದಿಂದ ಬರುತ್ತಿದ್ದ ನಮ್ಮ ಭಾಯ್ ಡಬ್ಬಿಯ ತರಕಾರಿ ಸಮೋಸ, ನನ್ನ ಮನೆಯ ಚಿತ್ರಾನ್ನ, ಎಲ್ಲ ಎಲ್ಲರ ತಟ್ಟೆಗೂ ಹೋಗುತ್ತಿತ್ತು. ಮ್ಯಾನೇಜರು ಇದನ್ನು ನೋಡಿದರು. ‘ಗುಂಪುಗಾರಿಕೆ’ ಎಂದು ಕರೆದರು! ಮೇಜುಗಳನ್ನು ಬೇರೆ ಮಾಡಿಸಿ, ಯಾರು ಎಲ್ಲಿ ಕೂರಬೇಕೆಂದು ದಿನಾ ಚೀಟಿ ಎತ್ತಿಸಿದರು. ಅವರ ಪಕ್ಕದ ಕುರ್ಚಿ ಯಾರಿಗೆ ಬಂತೋ ಅವರಿಗೆ ಊಟದ ಉದ್ದಕ್ಕೂ ಟೀಮ್ ಕಲ್ಚರಿನ ಉಪದೇಶ. ಅನ್ನ ಆರುತ್ತಿತ್ತು, ಅವರ ಬಾಯಿ ಆರುತ್ತಿರಲಿಲ್ಲ.

ಒಂದು ಬುಧವಾರ ಆ ಕುರ್ಚಿಯ ಚೀಟಿ ಅಕ್ಕನಿಗೆ ಬಂತು. “ಇವತ್ತ ನಂದು ಸೋಮವಾರದ ಉಪವಾಸ ಐತ್ರೀ. ಮೊನ್ನೆ ತಪ್ಪಿತ್ತು, ಇವತ್ತ ತೀರಿಸಾಕತ್ತೀನಿ.” ಮರುದಿನ ಭಾಯ್‌ಗೆ ಬಂತು. ರಂಜಾನ್ ಮುಗಿದು ತಿಂಗಳುಗಳೇ ಆಗಿದ್ದವು. “ಒಂದು ರೋಜಾ ಬಾಕಿ ಉಳ್ಕೊಂಡಿತ್ತು ಸಾರ್.” ನನಗೆ ಬಂದ ದಿನವೆಲ್ಲ ಏಕಾದಶಿ. ಹಾಗೆ ಉಪವಾಸವಿದ್ದವರು ಹಿಂದಿನ ರಸ್ತೆಯ ದರ್ಶಿನಿಯಲ್ಲಿ ನಿಂತು ಬಿಸಿ ಬೋಂಡಾ ತಿನ್ನುತ್ತಿದ್ದೆವು. ಉಳಿದವರೂ ಒಬ್ಬೊಬ್ಬರೇ ಬಂದು ಸೇರಿಕೊಳ್ಳುತ್ತಿದ್ದರು.

ಮ್ಯಾನೇಜರು ವಲಯ ಕಚೇರಿಗೆ ಹೆಮ್ಮೆಯಿಂದ ಫೋನ್ ಮಾಡಿದರು: “ಇಂಥ ದೈವಭಕ್ತ ಟೀಮ್ ನಾನು ಎಲ್ಲೂ ನೋಡಿಲ್ಲ ಸರ್!”

ಬೀಳುವ ಆಟ

ಅಷ್ಟಕ್ಕೇ ಬಿಟ್ಟಾರೆಯೇ? ಒಂದು ಭಾನುವಾರ ಕೆ.ಆರ್. ಪುರದ ಆಚೆಯ ಒಂದು ರೆಸಾರ್ಟಿಗೆ ಕರೆದೊಯ್ದರು. ಟ್ರಾಫಿಕ್ಕಿನಲ್ಲೇ ಅರ್ಧ ಭಾನುವಾರ ಹೋಯಿತು. ಉಳಿದರ್ಧಕ್ಕೆ ಅವರದೊಂದು ಆಟ: ಒಬ್ಬರು ಕಟ್ಟೆಯ ಮೇಲೆ ನಿಂತು ಕಣ್ಣು ಮುಚ್ಚಿ ಹಿಂದಕ್ಕೆ ಬೀಳಬೇಕು, ಸಹೋದ್ಯೋಗಿಗಳು ಕೆಳಗೆ ನಿಂತು ಹಿಡಿಯಬೇಕು. ಇದರಿಂದ ನಂಬಿಕೆ ಬೆಳೆಯುತ್ತದಂತೆ. ಮೂವತ್ತು ವರ್ಷ ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಚಪ್ಪರ ಕಟ್ಟಿದವರು ನಾವು, ನಮಗೆ ನಂಬಿಕೆ ಕಲಿಸಲು ಕಟ್ಟೆ!

ಅಕ್ಕನನ್ನು ಹತ್ತಿಸಿದರು. ಆಕೆ ತಿರುಗಿ ಕೆಳಗೆ ನೋಡಿದಳು. ನಾನು, ಭಾಯ್, ಇನ್ನಿಬ್ಬರು ಕೈ ಚಾಚಿ ನಿಂತಿದ್ದೆವು. ಐವತ್ತು ದಾಟಿದವರೇ ಎಲ್ಲ. ಆಕೆ ಸೆರಗು ಸಿಕ್ಕಿಸಿ ಮೆಟ್ಟಿಲು ಇಳಿದೇಬಿಟ್ಟಳು.

“ಯಾಕ್ರೀ ಮೇಡಂ, ಇವರ ಮೇಲೆ ನಂಬಿಕೆ ಇಲ್ವಾ?”

“ಇವ್ರ ಮ್ಯಾಲ ಪೂರ್ತಿ ನಂಬಿಕಿ ಐತ್ರೀ ಸಾಹೇಬ್ರ. ಇವ್ರ ಸೊಂಟದ ಮ್ಯಾಲ ಇಲ್ಲ.”

ಹೊಗಳಿಕೆಯ ದಿನ

ಕೊನೆಗೆ ವಲಯ ಕಚೇರಿಯ ದೊಡ್ಡ ಸಾಹೇಬರು ಬರುವ ದಿನ ಬಂತು. ಪ್ರಮೋಷನ್ ಕೊಡುವುದೋ ಬಿಡುವುದೋ ಅವತ್ತೇ ತೀರ್ಮಾನ. ಹಿಂದಿನ ಸಂಜೆ ದರ್ಶಿನಿಯಲ್ಲಿ ನಾವೊಂದು ಮಾತು ಆಡಿಕೊಂಡೆವು. ದೂರು ಹೇಳಿದರೆ ಈ ಮನುಷ್ಯ ಇಲ್ಲೇ ಕೊಳೆಯುತ್ತಾನೆ. ಹೊಗಳಿದರೆ ಮೇಲಕ್ಕೆ ಹೋಗುತ್ತಾನೆ, ಅಂದರೆ ಇಲ್ಲಿಂದ ಹೋಗುತ್ತಾನೆ. “ಹಾಗಾದ್ರೆ ಹೊಗಳೋದೇ ಗುರು, ಕಂಜೂಸಿ ಮಾಡ್ಬೇಡಿ,” ಎಂದ ಭಾಯ್.

ಮರುದಿನ ಕಂಜೂಸಿ ಮಾಡಲಿಲ್ಲ. ಭಾಯ್, “ನಮಗೆ ತಂದೆ ಇದ್ದಂಗೆ ಸಾರ್,” ಎಂದ. ತಂದೆ ಅವನಿಗಿಂತ ಹದಿನೈದು ವರ್ಷ ಚಿಕ್ಕವರು. “ಇಂಥಾ ಸಾಹೇಬ್ರು ಸಿಗಬೇಕಂದ್ರ ಏಳು ಜನ್ಮದ ಪುಣ್ಯ ಬೇಕ್ರೀ,” ಎಂದು ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನಂತೂ ಬಿಎ ಓದಿದ್ದು ಸಾರ್ಥಕವಾಗುವಂತೆ ಭಾಷಣವನ್ನೇ ಮಾಡಿದೆ. ಮ್ಯಾನೇಜರು ಹಿಗ್ಗಿ, ಬಾಗಿಲಲ್ಲಿ ಹಿಡಿಸದಷ್ಟು ಅಗಲವಾದರು.

ದೊಡ್ಡ ಸಾಹೇಬರು ಎದ್ದು ನಿಂತರು. “ನಲವತ್ತು ಕಚೇರಿ ನೋಡಿದ್ದೀನಿ, ಇಂಥ ಪ್ರೀತಿ ನೋಡಿಲ್ಲ. ಈ ಟೀಮನ್ನು ಒಡೆಯೋ ಪಾಪ ನನಗೆ ಬೇಡ. ಪ್ರಮೋಷನ್ ಆಮೇಲೆ ನೋಡೋಣ. ಇವರು ಇನ್ನೂ ಮೂರು ವರ್ಷ ಇಲ್ಲೇ ಇರಲಿ!”

ಭಾಯ್ ಕುರ್ಚಿ ಹಿಡಿದುಕೊಂಡ. ಅಕ್ಕನ ಕಣ್ಣಲ್ಲಿ ಈಗ ನಿಜವಾಗಿಯೂ ನೀರು ಬಂತು. ನನಗೇನು, ಮುಂದಿನ ತಿಂಗಳೇ ನಿವೃತ್ತಿ. ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡು ಸ್ವರ್ಗಸುಖ ಅನುಭವಿಸುತ್ತಿದ್ದೆ.

ಮ್ಯಾನೇಜರು ಬಿಳಿಚಿಹೋದರು. ಓಡಿಬಂದು ಸಾಹೇಬರ ಕೈ ಹಿಡಿದುಕೊಂಡರು. “ಸರ್, ಸರ್, ನಂಬಬೇಡಿ! ಎಲ್ಲಾ ಸುಳ್ಳು ಹೇಳ್ತಿದ್ದಾರೆ! ಇವರಿಗೆ ನನ್ನ ಕಂಡ್ರೆ ಆಗಲ್ಲ ಸರ್! ಒಬ್ಬರಿಗೂ ಆಗಲ್ಲ!”

ದೊಡ್ಡ ಸಾಹೇಬರು ಅವರನ್ನು ತಬ್ಬಿಕೊಂಡೇಬಿಟ್ಟರು. “ಆಹಾ, ಎಂಥ ವಿನಯ ಕಣ್ರೀ ನಿಮ್ಮದು! ಮೂರಲ್ಲ, ಐದು ವರ್ಷ ಇರಿ.”