ರಿಲೀವರ್ ಬರುವ ತನಕ

ಚಿಕ್ಕ ಮಕ್ಕಳಿರುವ ಕಡೆ ನಗು ತರಿಸುವಂಥದ್ದು ನಡೆಯದ ದಿನವೇ ಇಲ್ಲ. ಕಷ್ಟವೆಂದರೆ, ನಾನು ಸುಲಭಕ್ಕೆ ನಗುವವಳಲ್ಲ. ಕಾನ್ವೆಂಟಿನಲ್ಲಿ ಓದಿ, ಹೊಸಪೇಟೆಯ ಒಂದು ಕಾನ್ವೆಂಟಿನ ಶಿಶುವಿಭಾಗ ನೋಡಿಕೊಂಡು ನಿವೃತ್ತಳಾದವಳು. ಇಸ್ತ್ರಿಯಿಲ್ಲದ ಸೀರೆ ಉಟ್ಟಿಲ್ಲ, ಗಂಟೆ ಮೀರಿಲ್ಲ, ಸುಳ್ಳು ಹೇಳಿಲ್ಲ. ಸಂಡೂರು ತಾಲ್ಲೂಕಿನ ಬಂಡ್ರಿಯ ಅಂಗನವಾಡಿಯಲ್ಲಿ ಎಲ್‌ಕೆಜಿ ಶುರುವಾದಾಗ, ಒಂದು ವರ್ಷ ಅಲ್ಲಿನ ಟೀಚರ ಜೊತೆಗಿದ್ದು ಕಲಿಸಿಕೊಡಿ ಎಂದು ಕೇಳಿದರು. ಕಲಿಸಿಕೊಡುವುದು ನನಗೆ ಇಷ್ಟವಾದ ಕೆಲಸವಾದ್ದರಿಂದ ಒಪ್ಪಿದೆ.

ಒಂದು ಷರತ್ತಿತ್ತು. ವರ್ಷದ ಕೊನೆಗೆ ಅಧಿಕಾರಿಯೊಬ್ಬರು ಬಂದು ನೋಡುತ್ತಾರೆ. ಮಕ್ಕಳು ಉಳಿದಿದ್ದರೆ ಎಲ್‌ಕೆಜಿ ಉಳಿಯುತ್ತದೆ, ಇಲ್ಲವಾದರೆ ಬೇರೆ ಊರಿನ ಪಾಲಾಗುತ್ತದೆ. ಟೀಚರಮ್ಮ ಮನೆಮನೆಗೆ ಹೋಗಿ ಮಕ್ಕಳನ್ನು ಕೂಡಿಸಿದ್ದಳು. ಆದರೆ ದಿನಾ ಬೆಳಿಗ್ಗೆ ಖಾಸಗಿ ಶಾಲೆಯ ಹಳದಿ ವ್ಯಾನು ನಮ್ಮ ಬಾಗಿಲ ಮುಂದೆಯೇ ಹಾರ್ನ್ ಹೊಡೆದುಕೊಂಡು ಹೋಗುತ್ತಿತ್ತು. ಆ ಸದ್ದಿಗೆ ಅವಳ ಮುಖ ಸಪ್ಪಗಾಗುತ್ತಿತ್ತು.

ಮೌನ

ಮೊದಲ ದಿನ ನಾನು ಒಳಗೆ ಕಾಲಿಟ್ಟಾಗ ಸಂತೆಯ ಗದ್ದಲ. ಒಬ್ಬ ಹಾಡುತ್ತಿದ್ದ, ಒಬ್ಬಳು ಅಳುತ್ತಿದ್ದಳು, ಇಬ್ಬರು ಒಂದೇ ಗೊಂಬೆಯ ಎರಡು ಕಾಲು ಹಿಡಿದು ಎಳೆಯುತ್ತಿದ್ದರು. ಹೊಸ ಪದ್ಧತಿಯಲ್ಲಿ ಮಕ್ಕಳು ಮಾತಾಡಬೇಕಂತೆ, ಆಡುತ್ತ ಕಲಿಯಬೇಕಂತೆ. ಟೀಚರಮ್ಮ ತರಬೇತಿಯಲ್ಲಿ ಕೇಳಿದ್ದನ್ನು ಮೆಲ್ಲಗೆ ಹೇಳಿದಳು. ಮೊದಲು ಶಿಸ್ತು, ಆಮೇಲೆ ಆಟ ಎಂದೆ. ತುಟಿಯ ಮೇಲೆ ಬೆರಳಿಟ್ಟು ಕೂರುವುದನ್ನು ಹೇಳಿಕೊಟ್ಟೆ. ಮಕ್ಕಳಿಗೆ ಅದು ಹೊಸ ಆಟ ಅನ್ನಿಸಿತೋ ಏನೋ, ಒಬ್ಬರೂ ಉಸಿರೆತ್ತಲಿಲ್ಲ. ಮೂವತ್ತು ವರ್ಷದಲ್ಲಿ ಇಷ್ಟು ಒಳ್ಳೆಯ ಮೌನ ನನಗೆ ಸಿಕ್ಕಿರಲಿಲ್ಲ.

ಐದು ನಿಮಿಷ ಆಗಿರಬೇಕು. ಹೊರಗೆ ದಡದಡ ಸದ್ದು. ಓಣಿಯ ಹೆಂಗಸರು, ಒಬ್ಬಳ ಕೈಯಲ್ಲಿ ಇನ್ನೂ ರೊಟ್ಟಿಹಿಟ್ಟು, ಬಾಗಿಲಲ್ಲಿ ಬಂದು ನಿಂತರು. ಎಲ್ಲರಿಗಿಂತ ಮುಂದಿದ್ದ ಮುದುಕಿ ಮಕ್ಕಳನ್ನು ನೋಡಿ, ನನ್ನನ್ನು ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೇಳಿದಳು:

“ಯಾರು ಹೋದ್ರವ್ವಾ?”

ದೃಷ್ಟಿ

ಈ ಮುದುಕಿಯ ಮೊಮ್ಮಗಳೊಬ್ಬಳು ನಮ್ಮಲ್ಲಿದ್ದಳು. ಎರಡು ಜಡೆ, ಸೊಂಟದ ಮೇಲೆ ಕೈ, ಊರಿಗೇ ಮೇಸ್ತ್ರಿಯಂತೆ ನಡಿಗೆ. ತಿಂಗಳಿಗೊಮ್ಮೆ ಮಕ್ಕಳ ತೂಕ ನೋಡುತ್ತೇವೆ. ಮೊಟ್ಟೆ, ಹಾಲು ಶುರುವಾದ ಮೇಲೆ ಈ ಹುಡುಗಿಯ ತೂಕ ಏರತೊಡಗಿತ್ತು. ಅಜ್ಜಿಗೆ ಅದೇ ಚಿಂತೆ. ತೂಗಿ ತೂಗಿ, ಅದನ್ನು ಗಟ್ಟಿಯಾಗಿ ಓದಿ, ಪುಸ್ತಕದಲ್ಲಿ ಬೇರೆ ಬರೆದರೆ ಯಾರ ಕಣ್ಣು ಬೀಳುವುದಿಲ್ಲ?

ಇದು ವಿಜ್ಞಾನ, ದೃಷ್ಟಿಗೂ ತೂಕಕ್ಕೂ ಸಂಬಂಧವಿಲ್ಲ ಎಂದು ನಾನು ಸುಮಾರು ಹೊತ್ತು ವಿವರಿಸಿದೆ. ಮುದುಕಿ ಭಾಳ ಗೌರವದಿಂದ ಕೇಳಿಸಿಕೊಂಡಳು. ಮಗುವಿಗೆ ಕಾಡಿಗೆ ಹಚ್ಚಬೇಡ ಎಂದದ್ದಕ್ಕೂ ಒಪ್ಪಿದಳು. ಹೊಸ ಕಾಲ ಬಂತೆಂದು ನನಗೆ ಹೆಮ್ಮೆಯಾಯಿತು.

ಮೊಮ್ಮಗಳು ತೂಕದ ಯಂತ್ರದ ಮೇಲೆ ನಿಂತಳು. ಅಂಕಿ ಓದಲು ಬಗ್ಗಿದೆ. ಅಂಕಿಯೇ ಕಾಣಲಿಲ್ಲ. ಗಾಜಿನ ಮೇಲೆ, ಸರಿಯಾಗಿ ಅಂಕಿ ಮೂಡುವ ಜಾಗದಲ್ಲಿ, ರೂಪಾಯಿಯಗಲದ ಕರಿ ಬೊಟ್ಟು.

“ನೀವು ಹುಡುಗಿಗೆ ಹಚ್ಚಬ್ಯಾಡ ಅಂದ್ರಿ,” ಎಂದಳು ಅಜ್ಜಿ. “ಅದಕ್ಕ ಮಷೀನಿಗೇ ಹಚ್ಚೀನಿ.”

ಹೋಂವರ್ಕ್

ಆ ಹುಡುಗಿಯ ಅಪ್ಪ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸದವನು. ಒಂದು ದಿನ ಬಂದು, ಇಲ್ಲಿ ಬರೀ ಆಡಿಸುತ್ತೀರಿ, ವ್ಯಾನಿನ ಮಕ್ಕಳಿಗೆ ಹೋಂವರ್ಕ್ ಇದೆ, ನಮಗೂ ಕೊಡಿ, ಇಲ್ಲವೆಂದರೆ ಮಗಳನ್ನು ವ್ಯಾನು ಹತ್ತಿಸುತ್ತೇನೆ ಎಂದ. ಟೀಚರಮ್ಮ ನನ್ನ ಮುಖ ನೋಡಿದಳು. ಒಂದು ಮಗು ಹೋದರೆ ಅದರ ಹಿಂದೆ ನಾಲ್ಕು ಹೋಗುತ್ತವೆ.

ಕೊಡೋಣ ಎಂದೆ. ಹೆಸರುಕಾಳು, ಅಲಸಂದಿ, ಶೇಂಗಾ ಮೂರನ್ನೂ ಬೆರೆಸಿ ಪೊಟ್ಟಣ ಕಟ್ಟಿಕೊಟ್ಟೆ. ಮಗು ಬೇರೆ ಬೇರೆ ಮಾಡಲಿ. ಬೆರಳಿಗೆ ಹಿಡಿತ, ಕಣ್ಣಿಗೆ ಕೆಲಸ, ಲೆಕ್ಕಕ್ಕೂ ಬುನಾದಿ.

ಮರುದಿನ ಅಪ್ಪನೇ ಮೂರು ಬಟ್ಟಲು ತಂದ. ಅಂಥ ಅಚ್ಚುಕಟ್ಟುತನ ನಾನು ಕಾನ್ವೆಂಟಿನಲ್ಲೂ ಕಂಡಿರಲಿಲ್ಲ. ಹೆಸರುಕಾಳಿನಲ್ಲಿ ದೊಡ್ಡದು, ಸಣ್ಣದು ಅಂತ ಬೇರೆ ವಿಂಗಡಣೆ. ಶೇಂಗಾ ಮಾತ್ರ ಕಡಿಮೆ ಇತ್ತು. ಮಗಳು ತಾನೇ ಮಾಡಿದಳೇ ಎಂದು ಕೇಳಿದೆ.

“ಆಕಿ ಶೇಂಗಾ ತಿಂದು ಆಡಾಕ ಹೋದಳ್ರಿ. ಎ ಶಿಫ್ಟ್ ಮುಗಿಸಿ ಬಂದು ನಾನೇ ಕುಂತು ಮಾಡೀನಿ.” ಮುಂಗೈ ಚಾಚಿದ. “ವ್ಯಾನಿನ ಸಾಲಿಯಾಗ ಸ್ಟಾರ್ ಹಾಕ್ತಾರಂತಲ್ರಿ.”

ಹಾಕಿದೆ. ಅವನು ಅದನ್ನು ಕಾರ್ಖಾನೆಯಲ್ಲೆಲ್ಲ ತೋರಿಸಿದನಂತೆ. ವ್ಯಾನಿನ ಮಾತು ಮತ್ತೆ ಎತ್ತಲಿಲ್ಲ. ಮುಂದಿನ ಹೋಂವರ್ಕ್ ಯಾವಾಗ ಎಂದು ಮಾತ್ರ ಕೇಳುತ್ತಿದ್ದ.

ನಾಲ್ಕು ಗಂಟೆ

ಕೊನೆಗೆ ಅಧಿಕಾರಿಗಳು ಬರುವ ದಿನ ಬಂತು. ಮೂರಕ್ಕೆ ಬರಬೇಕಿತ್ತು. ಮೂರೂವರೆಗೆ ಫೋನು: ಕಂಪ್ಲಿಯ ಕೆಲಸ ಮುಗಿಸಿ ಹೊರಟಿದ್ದಾರೆ, ದಾರಿಯಲ್ಲಿದ್ದಾರೆ. ನಮ್ಮ ಗಂಟೆ ಹೊಡೆಯುವುದು ನಾಲ್ಕಕ್ಕೆ. ಖಾಲಿ ಕೋಣೆ ನೋಡಿ ಅವರೇನು ಬರೆಯುತ್ತಾರೆ?

“ಮೇಡಂ, ಇವತ್ತೊಂದಿನ ಐದಕ್ಕ ಬಿಡೋದು ಅಂತ ಹೇಳೂಣ್ರಿ,” ಎಂದಳು ಟೀಚರಮ್ಮ. ಮಕ್ಕಳನ್ನು ಕರೆದೊಯ್ಯಲು ಅಜ್ಜಿಯರು ಆಗಲೇ ಹೊರಗೆ ಬಂದು ಕೂತಿದ್ದರು.

ನಾನು ಸುಳ್ಳು ಹೇಳುವವಳಲ್ಲ ಎಂದೆ. ನಾಲ್ಕಕ್ಕೆ ಸರಿಯಾಗಿ ಗಂಟೆ ಹೊಡೆದೆ.

ಒಬ್ಬರೂ ಏಳಲಿಲ್ಲ.

ಮೂಲೆಯಲ್ಲಿ ಮರದ ತುಂಡುಗಳಿಂದ ಕಾರ್ಖಾನೆ ಕಟ್ಟುವ ಆಟ ನಡೆದಿತ್ತು. ಎರಡು ಜಡೆಯವಳೇ ಮೇಸ್ತ್ರಿ. ತುಂಡುಗಳನ್ನಿಡುವ ಹಳದಿ ಪ್ಲಾಸ್ಟಿಕ್ ಬುಟ್ಟಿ ಅವಳ ತಲೆಯ ಮೇಲೆ ಹೆಲ್ಮೆಟ್ಟಾಗಿತ್ತು. ಅಜ್ಜಿ ಬಂದು ನಡಿಯೇ ಎಂದು ರಟ್ಟೆ ಹಿಡಿದರೆ, ಅವಳು ನೆಲ ಬಿಟ್ಟೇಳಲಿಲ್ಲ.

“ರಿಲೀವರ್ ಬಂದಿಲ್ಲಬೇ. ರಿಲೀವರ್ ಬರೂ ಮಟ ಜಾಗಾ ಬಿಡಂಗಿಲ್ಲ.”

ಅವಳ ಅಪ್ಪ ಮನೆಗೆ ತಡವಾಗಿ ಬಂದಾಗಲೆಲ್ಲ ಹೇಳುವ ಮಾತದು. ಮುಂದಿನ ಶಿಫ್ಟಿನವನು ಬಂದು ನಿಂತ ಮೇಲೆಯೇ ಇವನು ಯಂತ್ರ ಬಿಟ್ಟು ಬರಬೇಕು. ಉಳಿದ ಮಕ್ಕಳೂ ತಲೆಯಾಡಿಸಿ ಗಟ್ಟಿಯಾಗಿ ಕೂತವು. ಅಜ್ಜಿಯರು ಎಳೆದರು, ಬೈದರು, ಸಾಕಾಗಿ ತಾವೂ ಗೋಡೆಗೊರಗಿ ಕೂತು ಎಲೆ ಅಡಿಕೆ ತೆಗೆದರು.

ಅಧಿಕಾರಿಗಳ ಜೀಪು ಬಂದಾಗ ನಾಲ್ಕೂ ಮುಕ್ಕಾಲು. ಒಳಗೆ ಬಂದವರು ತುಂಬಿದ ಕೋಣೆ ನೋಡಿ ನಿಂತೇಬಿಟ್ಟರು. ಮಕ್ಕಳನ್ನು ಎಣಿಸಿದರು. ಇನ್ನೂ ಯಾಕೆ ಮನೆಗೆ ಹೋಗಿಲ್ಲ ಎಂದು ಕೇಳಿದರು.

ಹುಡುಗಿ ಎದ್ದು ಬಂದು ಅವರನ್ನು ಕೆಳಗಿನಿಂದ ಮೇಲಿನ ತನಕ ನೋಡಿದಳು.

“ಈಗ ಬಂದ್ರೇನ್ರಿ? ಕುಂದ್ರಿ.”

ಅವರು ನಗುತ್ತ ಕೂತರು. ಬುಟ್ಟಿ ಅವರ ತಲೆಗೇರಿತು. ಅಷ್ಟೇ, ಮಕ್ಕಳೆಲ್ಲ ಹೋ ಎಂದು ಹೊರಗೋಡಿದವು, ಅಜ್ಜಿಯರು ಹಿಂದೆ. ಅಧಿಕಾರಿಗಳು ನೆಲದ ಮೇಲೆ, ಮರದ ತುಂಡುಗಳ ನಡುವೆ ಕೂತೇ ನಮ್ಮ ಪುಸ್ತಕದಲ್ಲಿ ಬರೆದರು: ಎಲ್‌ಕೆಜಿ ಇಲ್ಲೇ ಇರಲಿ, ಮುಂದಿನ ವರ್ಷ ಯುಕೆಜಿಯೂ ಸೇರಲಿ. ಟೀಚರಮ್ಮ ಅದನ್ನು ಎರಡು ಸಲ ಓದಿ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

ಅಧಿಕಾರಿಗಳು ಏಳಲು ಹೋದವರು ಬಾಗಿಲ ಕಡೆ ನೋಡಿದರು. ಹುಡುಗಿ ಹೊಸ್ತಿಲಲ್ಲೇ ನಿಂತು ಕಾಯುತ್ತಿದ್ದಳು.

“ಮೇಡಂ, ನನಗೂ ರಿಲೀವರ್ ಬೇಕಲ್ರೀ,” ಎಂದರು ಅವರು ಮೆಲ್ಲಗೆ.

ನಿಯಮ ಎಂದರೆ ನಿಯಮ. ಇಸ್ತ್ರಿ ಸೀರೆಯಲ್ಲೇ ನೆಲಕ್ಕೆ ಕೂತೆ. ಬುಟ್ಟಿಯನ್ನು ನಾನೇ ತಲೆಗಿಟ್ಟುಕೊಂಡೆ. ಹುಡುಗಿ ಸಮಾಧಾನದಿಂದ ಮನೆಗೆ ಹೋದಳು. ಆಮೇಲೆ ನಾನೂ ಎದ್ದು, ಬುಟ್ಟಿ ಜಾಗಕ್ಕಿಟ್ಟು, ಹೊಸಪೇಟೆ ಬಸ್ಸು ಹಿಡಿದೆ.

ಮರುದಿನ ಅವಳು ಎಲ್ಲರಿಗಿಂತ ಮೊದಲು ಬಂದಿದ್ದಳು. ಕಾರ್ಖಾನೆ ಇದ್ದ ಹಾಗೇ ಇತ್ತು. ಸುತ್ತ ಒಂದು ಸುತ್ತು ಹಾಕಿ, ಸೊಂಟದ ಮೇಲೆ ಕೈಯಿಟ್ಟು ನನ್ನೆದುರು ನಿಂತಳು.

“ರಾತ್ರಿಯೆಲ್ಲಾ ನೀವ ಇದ್ರೇನ್ರಿ?”

ಟೀಚರಮ್ಮ ಹಾಜರಿ ಪುಸ್ತಕದಿಂದ ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದಳು. ಸೀರೆಯ ನೆರಿಗೆ ಸರಿಪಡಿಸಿಕೊಂಡೆ.

“ಹೂಂ,” ಎಂದೆ. “ಡಬಲ್ ಡ್ಯೂಟಿ.”