ಹೊಳಿ ದಂಡಿಯ ಒಡಪು

"ಆಕಿ ಇನ್ನೂ ಅದನ್ನ ನೆನಪಿಟ್ಟಿರಬಹುದೇನ?"

ಬೇವಿನ ಮರದ ಟೊಂಗೆಗೆ ಮೈಕಿನ ಹಾರ್ನ್ ಕಟ್ಟುತ್ತಿದ್ದ ಹೊಳಿಯಪ್ಪ ಗಟ್ಟಿಯಾಗಿಯೇ ಕೇಳಿದ. ಮರದ ಮೇಲೆ ಅವನ ಹೊರತು ಇದ್ದದ್ದು ಒಂದು ಕಾಗೆ; ಅದೂ ಉತ್ತರ ಕೊಡದೆ ಹಾರಿಹೋಯಿತು.

ಕುಕನೂರಿನಲ್ಲಿ ಅವನ ಮೈಕ್ ಸೆಟ್ಟಿಲ್ಲದೆ ಯಾವ ಕಾರ್ಯವೂ ನಡೆಯದು. ಇಂದು ಎದುರುಮನೆ ಗವಿಸಿದ್ದಪ್ಪನ ಬಸುರಿ ಮಗಳು ಸುರೇಖಾಳ ಕುಬುಸ. ಬೀಗರ ಪೈಕಿ ಹನುಮಸಾಗರದ ಶಿವಬಸಮ್ಮ ಬರುತ್ತಾಳೆಂಬ ಸುದ್ದಿ ಕೇಳಿದಾಗಿನಿಂದ ಹೊಳಿಯಪ್ಪನಿಗೆ ಇದೊಂದೇ ಚಿಂತೆ.

ಮೂವತ್ತಾರು ವರ್ಷದ ಹಿಂದೆ ಹನುಮಸಾಗರದಲ್ಲಿ ಮೈಕಿನ ಕೆಲಸ ಕಲಿಯುವಾಗ ಅವನು ಆಕೆಗೆ ಮನಸೋತಿದ್ದ. ಮದುವೆಯಾದ ಮೇಲೆ ಹೇಳಲಿ ಎಂದು, ಗಂಡನ ಹೆಸರನ್ನು ಪ್ರಾಸದಲ್ಲಿ ಪೋಣಿಸಿದ ಒಂದು ಒಡಪನ್ನೂ ಬರೆದುಕೊಟ್ಟಿದ್ದ:

ಹೊಳಿ ದಂಡಿ ಮ್ಯಾಲ ಹೊನ್ನಾವರಿ ಹೂವು,
ಹೊಳಿಯಪ್ಪ ಬಂದರ ಮರೀತೀನಿ ನೋವು.

ಹನುಮಸಾಗರದಲ್ಲಿ ಹೊಳೆಯೇ ಇಲ್ಲ. ತನ್ನ ಹೆಸರಿಗಾಗಿ ಹರಿಸಿದ್ದ. ಆದರೆ ಆಕೆಯ ತಂದೆ ಆಕೆಯನ್ನು ಹುಚ್ಚೀರಪ್ಪನಿಗೆ ಕೊಟ್ಟ. ಮರುವರ್ಷ ಹೊಳಿಯಪ್ಪ ಹುಲಗಮ್ಮನನ್ನು ಕಟ್ಟಿಕೊಂಡ. ಮದುಮಗಳಿಗೊಂದು ಒಡಪು ಬೇಕಲ್ಲ? ಇದ್ದದ್ದನ್ನೇ "ನಿನಗಂತನ ಕಟ್ಟೀನಿ" ಎಂದು ಕೊಟ್ಟುಬಿಟ್ಟ.

ಅಂದಿನಿಂದ ಹುಲಗಮ್ಮನಿಗೆ ಅದು ಕೊರಳ ತಾಳಿಯಷ್ಟೇ ದೊಡ್ಡ ಒಡವೆ. "ಉಳಿದಾವ್ರೆಲ್ಲ ಅವರಿವರ ಬಾಯಿಂದ ಕಲ್ತದ್ದು ಹೇಳ್ತಾರ. ನಂದು ನನಗಂತನ ಹುಟ್ಟಿದ್ದು" ಎಂದು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳೆಂದರೆ ಆನೆಯ ಮೇಲೆ ಕುಳಿತ ಹಾಗೆ. ಇಂದು ಶಿವಬಸಮ್ಮ ಹೊಳಿಯಪ್ಪನ ಜಾಗದಲ್ಲಿ ಹುಚ್ಚೀರಪ್ಪನನ್ನು ಕೂರಿಸಿ ಅದೇ ಒಡಪು ಹೇಳಿದಳೋ, ಮುಗಿಯಿತು. ಆನೆ ಉರುಳುವುದು ಅವನ ಮೇಲೆಯೇ.

ಶಿವಬಸಮ್ಮ ಬಂದಳು. ಕೂದಲು ನೆರೆತಿತ್ತು, ಮೂಗುಬೊಟ್ಟಿಗೆ ಮಾತ್ರ ಅದೇ ಹೊಳಪು. ಹೊಳಿಯಪ್ಪನ ಎದೆಯೊಳಗೆ ಕೆಟ್ಟ ಮೈಕಿನಂತೆ ಏನೋ ಕುಂಯ್ ಎಂದಿತು.

"ಮೊದಲು ಬೀಗರ ಕಡಿಯಾವ್ರು. ಹೇಳ್ರಿ ಒಡಪು!" ಎಂದರು ಹೆಂಗಸರು.

ಆಕೆ ಮೈಕ್ ಹಿಡಿದಳು. ಹೊಳಿಯಪ್ಪ ಮೆಲ್ಲಗೆ ವೈರು ಕಿತ್ತ.

ಸುರೇಖಾಳಿಗೆ ಹಸಿರು ಬಳೆ ತೊಡಿಸುತ್ತಿದ್ದ ಬಳೆಗಾರ್ತಿ ಸರ್ದಾರಬೀ ತಲೆ ಎತ್ತಿದಳು. "ಏನಣ್ಣ, ಬಸುರಿ ನೋಡಿದರ ಇಕಿ, ಓಕರಿಕಿ ನಿನ್ನ ಮೈಕಿಗೆ?"

ನಗೆಯ ನಡುವೆ ವೈರು ಸೇರಿಸಲೇಬೇಕಾಯಿತು. ಆಕೆ ಮತ್ತೆ ಬಾಯಿ ತೆರೆದಾಗ ಅವನು ಗುಂಡಿ ತಿರುಗಿಸಿದ. ಹಾರ್ನ್ ಕಿರುಚಿದ ಕಿರುಚಿಗೆ ಹಿತ್ತಲ ಎಮ್ಮೆ ಹಗ್ಗ ಹರಿದುಕೊಂಡು ಬಂದು ಹೋಳಿಗೆಯ ಬುಟ್ಟಿಗೆ ಮುಸುಡಿ ಇಟ್ಟಿತು. ಮೂರನೆಯ ಸಲ ಹೊಳಿಯಪ್ಪ ಮನೆಯ ಫ್ಯೂಜನ್ನೇ ಕಿತ್ತು ಜೇಬಿಗಿಳಿಸಿದ. ಅಡುಗೆಮನೆಯ ಮಿಕ್ಸರ್ ನಿಂತು, ಗವಿಸಿದ್ದಪ್ಪ ಹೊರಗೋಡಿ ಬಂದ.

"ಮೈಕ್ ತಂದೀಯೋ, ಶನಿ ತಂದೀಯೋ ಮಾರಾಯ?"

ಶಿವಬಸಮ್ಮ ನಕ್ಕಳು. "ಇರಲಿ ಬಿಡ್ರಿ ಬೀಗರ. ನನ್ನ ಗಂಡನ ಹೆಸರಿಗೆ ಕರೆಂಟ್ ಯಾಕ ಬೇಕು?" ಎಂದು ಬರಿ ಗಂಟಲಲ್ಲೇ ಎತ್ತಿದಳು:

ಹುಗ್ಗಿ ಗಡಿಗ್ಯಾಗ ಹಾಕೀನಿ ಬೆಲ್ಲ,
ಹುಚ್ಚೀರಪ್ಪನಂಥ ಗಂಡ ಯಾರಿಗೂ ಇಲ್ಲ!

ಬದುಕಿದೆ ಎಂದು ಹೊಳಿಯಪ್ಪ ಉಸಿರು ಬಿಟ್ಟ. ಆ ಉಸಿರು ಪೂರ್ತಿ ಹೊರಬೀಳುವ ಮೊದಲೇ ಮುಳ್ಳಾಗಿ ಚುಚ್ಚಿತು. ಹೊಳೆಯೂ ಇಲ್ಲ, ಹೂವೂ ಇಲ್ಲ? ಬೆಲ್ಲವಂತೆ, ಬೆಲ್ಲ! ಅಷ್ಟರಲ್ಲಿ ಶಿವಬಸಮ್ಮ ಅವನತ್ತ ತಿರುಗಿ, "ಮೈಕಿನಣ್ಣಾರ, ಒಂದೀಟು ನೀರು ಕೊಡ್ರಿ" ಎಂದಳು. ಆಕೆಗೆ ಅವನ ಗುರುತೇ ಸಿಕ್ಕಿರಲಿಲ್ಲ.

ಮೂವತ್ತಾರು ವರ್ಷದ ಹಿಂದಿನ ಕವಿಗೆ ಅದನ್ನು ತಡೆಯಲಾಗಲಿಲ್ಲ. ಫ್ಯೂಜನ್ನು ದಡದಡ ಸಿಕ್ಕಿಸಿ ಬಂದವನೇ ಮೈಕನ್ನು ಹೆಂಗಸರ ನಡುವೆ ಕುಳಿತಿದ್ದ ಹೆಂಡತಿಯ ಕೈಗೆ ಕೊಟ್ಟ. "ಹುಲಗಿ, ಹೇಳು ನಿಂದು! ಕಟ್ಟಿದ ಒಡಪು ಹೆಂಗಿರತೈತಿ ಅಂತ ಬೀಗರಿಗೂ ತಿಳೀಲಿ."

ಹುಲಗಮ್ಮ ಸೆರಗು ಸರಿಮಾಡಿಕೊಂಡು ಎದ್ದಳು.

"ಹೊಳಿ ದಂಡಿ ಮ್ಯಾಲ ಹೊನ್ನಾವರಿ ಹೂವು..."

ಆಕೆ ಉಸಿರೆಳೆದುಕೊಳ್ಳುವಷ್ಟರಲ್ಲಿ ಶಿವಬಸಮ್ಮ ಮರೆತ ಪಾಠ ಹೊಳೆದ ಹುಡುಗಿಯಂತೆ ಜಿಗಿದೆದ್ದು ಮೈಕಿಗೆ ಬಾಯಿ ಹಚ್ಚಿದಳು: "ಹೊಳಿಯಪ್ಪ ಬಂದರ ಮರೀತೀನಿ ನೋವು!"

ಮೈಕು ಈಗ ಕೆಡಲಿಲ್ಲ. ಬಸ್‌ಸ್ಟ್ಯಾಂಡಿನವರೆಗೂ ಸಾರಿ ಹೇಳಿತು.

ಸುರೇಖಾಳ ಮುಂಗೈಯಲ್ಲಿ ಬಳೆ ಅರ್ಧಕ್ಕೇ ನಿಂತಿತು. "ಯಾ ಅಲ್ಲಾ!" ಎಂದಳು ಸರ್ದಾರಬೀ. "ಒಬ್ಬ ಗಂಡನ ಹೆಸರು ಇಬ್ಬರು ಹೇಳಿದ್ರಲ್ಲೇ!"

ಶಿವಬಸಮ್ಮ ನಾಲಗೆ ಕಚ್ಚಿಕೊಂಡು ಅವನನ್ನು ದಿಟ್ಟಿಸಿದಳು. "ಅಯ್ಯ, ನೀವು ಆ ಮೈಕಿನ ಹೊಳಿಯಪ್ಪ ಅಲ್ಲೇನ್ರಿ? ನನಗಂತ ಇದನ್ನ ಬರಕೊಟ್ಟಾವ್ರು!"

ಹುಲಗಮ್ಮ ಅಳಲಿಲ್ಲ, ಕೂಗಾಡಲಿಲ್ಲ. ಜಾರಿದ ಸೆರಗನ್ನು ಮೊದಲಿನಷ್ಟೇ ನೀಟಾಗಿ ತಲೆಯ ಮೇಲೆ ಎಳೆದುಕೊಂಡಳು.

ಹೊಳಿಯಪ್ಪ ಕೈಮುಗಿಯುವಂತೆ ಹತ್ತಿರ ಬಂದ. "ಹುಲಗಿ, ನಾಳೀಗೆ ಹೊಸಾದು ಕಟ್ಟಿಕೊಡ್ತೀನಿ. ಎಲ್ಲಾರೂ ನೋಡಾಕತ್ತಾರ. ಹೆಂಗರ ಮಾಡಿ ಒಂದ ಸಲ ನನ್ನ ಹೆಸರು ಹೇಳಿಬಿಡ."

"ಒಲ್ಲೆ" ಎಂದಳು ಹುಲಗಮ್ಮ, ಮೈಕಿನಲ್ಲೇ. "ಇನ್ನ ಮ್ಯಾಲ ನನ್ನ ಒಡಪು ನಾನ ಕಟ್ಟತೀನಿ. ಅದರಾಗ ನಿಮ್ಮ ಹೆಸರು ಹಿಡಿಯಂಗಿಲ್ರಿ."